ಎಡಗೈ ಹೊಲಿಗಿ

ಮುಂಜಾನೆ ಏಳಕ್ಕ ಜೀಪು ಬಂದು ಅಂಗಡಿ ಮುಂದ ನಿಂತಿತು.
"ಹಜರೇಸಾಬ್ರ, ಸೂಜಿ ದಾರ ತೊಗೊಂಡು ಕೆರಿಗೆ ಬರ್ರಿ"
ಅಂದ್ರು ಅರಣ್ಯ ಇಲಾಖೆಯ ಕಸ್ತೂರಿ ಮೇಡಂ.
ಮಷಿನ್ನಿನ ಮ್ಯಾಲ ಯಾರದೋ ಕುಬಸ, ಒಂದು ತೋಳು ಕೂಡಿಸಿದ್ದೆ,
ಇನ್ನೊಂದು ಹಂಗ ಬಿಟ್ಟು ಹ್ವಾದೆ.

ಮಾಗಡಿ ಕೆರಿ ದಂಡ್ಯಾಗ ಹನ್ನೊಂದು ಹಕ್ಕಿ.
ಚಳಿಗಾಲ ಪೂರ್ತಿ ನಿದ್ದಿಗಣ್ಣಾಗ ಕೇಳೋ ದನಿ ಅವು,
ಹತ್ತಿರದಿಂದ ನೋಡಿದ್ದು ಅವತ್ತ.
ಬೂದಿ ಮೈ, ಬಿಳಿ ತಲಿ, ತಲಿ ಹಿಂದ
ಎರಡು ಸಾಲು ಕರಿ ಪೈಪಿಂಗು.
ಯಾವ ದರ್ಜಿ ಕೂಡಿಸಿದ್ದೋ, ಎಲ್ಲೂ ಸುಕ್ಕಿಲ್ಲ.

ಮೇಡಂ ಟೇಪು ಹಿಡಿದು ಅಳೆದರು:
ನೀರಿನಿಂದ ಹಕ್ಕಿಗೆ, ಹಕ್ಕಿಯಿಂದ ಹೆಜ್ಜಿಗೆ,
ಹೆಜ್ಜಿಯಿಂದ ಕಡ್ಲಿ ಹೊಲದ ಬದುವಿಗೆ.
ನಾನೂ ಅಳೆಯಾವನ. ಆದ್ರ ನಾ ಅಳೆಯೋದು
ಇನ್ನ ಮುಂದ ಬದುಕೋರನ್ನ.

ಶಿರಹಟ್ಟಿಯ ದನದ ಡಾಕ್ಟರು ಒಂದರ ಗಂಟಲಚೀಲ ಕೊಯ್ದರು.
ಒಳಗ ಗೋದಿ. ಗೋದಿಗೆ ನೇರಳಿಹಣ್ಣಿನ ಬಣ್ಣ.
"ಎಣ್ಣಿ ಹಚ್ಯಾರ," ಅಂದ್ರು. ಹೊಲಕ್ಕ ಹೊಡೆಯೋ ಎಣ್ಣಿ.
ಗಾಜಿನ ಬಾಟ್ಲಿ, ಬಾಟ್ಲಿಗೆ ಚೀಟಿ,
ಚೀಟಿ ಮ್ಯಾಲ ತಾರೀಕು, ವ್ಯಾಳ್ಯಾ, ನನ್ನ ಸಹಿ.
ಆಮ್ಯಾಲ ಒಂದು ಬಿಳಿ ಅರಬಿ ನನ್ನ ಕಡೆ ಚಾಚಿದರು.

ಬಿಳಿ ಅರಬಿ ನಾ ಹಿಂಗ ಎರಡೂ ಕೈಲೆ ಹಿಡಿದದ್ದು
ಕಫನ್ನಿಗಷ್ಟ.
ಮೂರು ಕಡೆ ಹೊಲಿದೆ. ಬಾಟ್ಲಿ ಇಟ್ಟು ನಾಕನೇದು ಹೊಲಿದೆ.
ಮೇಡಂ ಅರಗು ಕಾಸಿ ಗಂಟಿನ ಮ್ಯಾಲ ಹನಿಸಿ
ಹಿತ್ತಾಳಿ ಮುದ್ರಿ ಒತ್ತಿದರು.
ಅರಗು ಆರೋತನಕ ಯಾರೂ ಮಾತಾಡಲಿಲ್ಲ.

ಸಂಜಿಕ ಢಾಬಾದ ಹಿಂದಿನ ಫ್ರಿಜ್ಜಿನ್ಯಾಗ ಮತ್ತ ಆರು,
ಪುಕ್ಕ ತರದವು.
ಗೊಜನೂರ ಶೇಖಣ್ಣನ್ನ ನಿಲ್ಲಿಸಿ
ಪ್ಯಾಂಟಿನ ಕಿಸೆ ಹೊರಗ ಎಳೆದರು. ಏನಿಲ್ಲ.
ಮೇಡಂ ಬಗ್ಗಿ ಅವನ ಪ್ಯಾಂಟಿನ ಕೆಳಗಿನ ಮಡಿಕಿ ನೋಡಿದರು.
ಎಡಗೈಯಾವನ ಕೈಹೊಲಿಗಿ ಎಡಕ್ಕ ವಾಲತದ.
ಮುಂಜಾನೆ ಚೀಲದ ಮ್ಯಾಲ ಅವರು ಅದನ್ನ ನೋಡಿದ್ದರು.
"ಒಳಕಿಸೆ ಐತೇನ್ರಿ ಇದಕ್ಕ?"
ಕೇಳಿದ್ದು ಅವನ್ನಲ್ಲ, ನನ್ನ.

ದೀಪಾವಳಿಗೆ ಹೊಲಿಸಿದ್ದ. "ರೊಕ್ಕ ಇಡಾಕ" ಅಂದಿದ್ದ.
ಅವನ ಮಗಳ ಶಾಲಿ ಅಂಗಿ ಅಳತಿನೂ ನನ್ನ ವಹಿಯೊಳಗ ಐತಿ,
ವರ್ಷಕ್ಕ ಎರಡು ಬೆರಳು ಬೆಳಿತಾಳ.
ಶೇಖಣ್ಣ ನನ್ನ ನೋಡಲಿಲ್ಲ, ನನ್ನ ಚಪ್ಪಲಿ ನೋಡಿದ.
"ಐತ್ರಿ," ಅಂದೆ.
ಸೊಂಟಪಟ್ಟಿ ಒಳಗ, ಹೊಲಿಗಿ ಸಂದ್ಯಾಗ
ನಾಕು ಕಾಳು.
ಅದ ಬಣ್ಣ.

ಎರಡು ವರ್ಷಕ್ಕ ಲಕ್ಷ್ಮೇಶ್ವರದ ಕೋರ್ಟಿನ್ಯಾಗ
ವಕೀಲರು ಚೀಲ ಎತ್ತಿ ಹಿಡಿದರು.
"ಇದು ನಿಮ್ಮ ಹೊಲಿಗಿ ಹೌದೋ ಅಲ್ಲೋ?"
ಮೂರು ಕಡೆ ನಂದು. ನಾಕನೇದು ಬ್ಯಾರೆ ದಾರ, ಬ್ಯಾರೆ ಕೈ.
ಲ್ಯಾಬಿನವರು ಕತ್ತರಿಸಿ, ತಗದು ನೋಡಿ
ಮತ್ತ ಹೊಲಿದಾರ. ಬಲಗೈಯವರು. ಅವಸರದವರು.
"ಹೌದು, ಇಲ್ಲ, ಎರಡರಾಗ ಒಂದು ಹೇಳ್ರಿ."
"ಮೂರು ಪಾಲು ಹೌದ್ರಿ," ಅಂದೆ.
ಟೈಪು ಮಾಡೋ ಹುಡುಗ ಕೈ ನಿಲ್ಲಿಸಿ ಸಾಹೇಬರ ಮುಖ ನೋಡಿದ.
ಸಾಹೇಬರು ಚೀಲ ತರಿಸಿಕೊಂಡು, ಕನ್ನಡಕ ಏರಿಸಿ,
ನಾಕೂ ಕಡೆ ಸಾವಕಾಶ ತಿರುವಿ ನೋಡಿದರು.
ನನ್ನ ಹೊಲಿಗಿ ಅಷ್ಟು ಹೊತ್ತು ಯಾರೂ ನೋಡಿಲ್ಲ.

ಮುಂದಿನ ತಾರೀಕು ಫೆಬ್ರವರಿ ಒಂಬತ್ತು.
ಹಕ್ಕಿ ಆವಾಗ ಇನ್ನೂ ಇಲ್ಲೇ ಇರತಾವ.

ಶೇಖಣ್ಣ ಬಾಗಿಲ ಹತ್ತಿರ ನಿಂತಿದ್ದ,
ಬ್ಯಾರೆ ದರ್ಜಿಯ ಪ್ಯಾಂಟು.
ಉದ್ದ ಆಗಿತ್ತು, ತುದಿ ನೆಲಕ್ಕ ಎಳದು ಹೊಲಸಾಗಿತ್ತು.
ಎರಡು ಬೆರಳು ಮಡಚಿದ್ರ ಸರಿ ಹೋಗತಿತ್ತು.
ಹೇಳಬೇಕಂತ ಬಾಯಿತನಕ ಬಂದಿತ್ತು.